ತಂಡಕ್ಕೂ ಬಿಸಿ ಮುಟ್ಟಲಿ

ಮಾನ್ಯರೇ,

ಮುಂಬೈ–ಪುಣೆ ಸೈಕಲ್ ರೇಸ್‌ನಲ್ಲಿ ಬೋರ್ ಘಾಟ್ ಏರುವವರ ಏದುಸಿರು ಕಂಡ ನಮ್ಮಂಥ ಪುಣೆ ಕನ್ನಡಿಗರಿಗೆ ಉದ್ದೀಪನ ಮದ್ದಿನ ಸುದ್ದಿ ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ವೃತ್ತಿಪರ ಸೈಕ್ಲಿಂಗ್‌ನಲ್ಲಿ ಸಿಕ್ಕಿಬಿದ್ದ ಸವಾರನಿಗೆ ಸಾಮಾನ್ಯವಾಗಿ 4 ವರ್ಷ ನಿಷೇಧ. ತಂಡಕ್ಕೆ? 12 ತಿಂಗಳಲ್ಲಿ ಇಬ್ಬರು ಸಿಕ್ಕಿಬಿದ್ದರೆ 15ರಿಂದ 45 ದಿನ ಅಮಾನತು. ಇದು ಶಿಕ್ಷೆಯೋ, ಬೇಸಿಗೆ ರಜೆಯೋ! 1998ರಲ್ಲಿ ಟೂರ್ ದ ಫ್ರಾನ್ಸ್‌ಗೆ ಮುನ್ನ ಗಡಿಯಲ್ಲಿ ಮದ್ದಿನ ಸಮೇತ ಸಿಕ್ಕಿದ್ದು ಫೆಸ್ಟಿನಾ ತಂಡದ ಕಾರು. ಓಡಿಸುತ್ತಿದ್ದವನು ತಂಡದ ಸಿಬ್ಬಂದಿ, ಸವಾರನಲ್ಲ. ಅಂದರೆ ಮದ್ದಿನ ವ್ಯವಹಾರ ಒಬ್ಬನಿಂದ ನಡೆಯುವುದಲ್ಲ. ಇಬ್ಬರು ಸಿಕ್ಕರೆ ತಂಡದ ಪರವಾನಗಿ ಇಡೀ ಋತುವಿಗೆ ರದ್ದಾಗಲಿ, ಬಹುಮಾನದ ಹಣ ವಾಪಸಾಗಲಿ. ಮದ್ದು ಕೊಟ್ಟ ವೈದ್ಯನಿಗೆ ಆಜೀವ ನಿಷೇಧ. ತಪ್ಪು ಮಾಡದ ಸವಾರರಿಗೆ ಮಾತ್ರ ಬೇರೆ ತಂಡ ಸೇರಲು ಅವಕಾಶವಿರಲಿ.

– ಒಬ್ಬ ಓದುಗ, ಕೋಥರೂಡ್, ಪುಣೆ