ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ

ಮೊನ್ನೆ ಆಯ್ಕೆ ಪಟ್ಟಿ ಬಂತು. ನನ್ನ ಹೆಸರಿದೆ. ಎಫ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕನ ಕೆಲಸ, ಮೂರನೇ ಸಲಕ್ಕೆ ಆಯಿತು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ನನ್ನ ಹತ್ತಿರ ನಂಬರ್ ಇಲ್ಲದವರು ಒಂದಷ್ಟು ಜನ ಉಳಿದಿದ್ದಾರೆ. ಇದು ಅವರಿಗೆ.

ನಾನು ಮದ್ದೂರು ಕಡೆಯವನು. ಇದ್ದ ಕೆಲಸ ಹೋದ ಮೇಲೆ ರೂಮಿನಲ್ಲಿ ಓದೋಕೆ ಆಗ್ತಿರಲಿಲ್ಲ. ನಾಲ್ಕು ಜನ, ಒಂದೇ ಫ್ಯಾನು. "ಕಬ್ಬನ್ ಪಾರ್ಕ್ ಲೈಬ್ರರಿಗೆ ಹೋಗೋ, ಯಾರೂ ಏನೂ ಕೇಳಲ್ಲ" ಅಂದ ರೂಮ್‌ಮೇಟ್. ಅವನಿಗೆ ಮೊದಲ ಥ್ಯಾಂಕ್ಸ್.

1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ ಭವನ ಅದು. ಆಗಿನವರು ಬರೀ ಪ್ರತಿಮೆ ನಿಲ್ಲಿಸಿ ಸುಮ್ಮನಾಗಲಿಲ್ಲ ನೋಡಿ. ಅದಕ್ಕೇ ನನ್ನಂಥವನಿಗೆ ಎರಡು ವರ್ಷ ಕೂರೋಕೆ ಒಂದು ಕುರ್ಚಿ ಸಿಕ್ಕಿತು.

ಮಧ್ಯಾಹ್ನ ನಾನು ಮೇಜಿಗೆ ತಲೆ ಕೊಟ್ಟಾಗ ಬೈಯದೆ, ಪಕ್ಕದಲ್ಲಿ ಪೇಪರ್ ಕಟ್ಟನ್ನು ಸ್ವಲ್ಪ ಜೋರಾಗಿ ಕುಕ್ಕಿ ಹೋಗುತ್ತಿದ್ದ ಅಟೆಂಡರ್ ಅಣ್ಣ, ನಿಮ್ಮನ್ನು ಮರೆಯಲ್ಲ. ಎದುರು ಕೂರುತ್ತಿದ್ದ ಅಕ್ಕ ತನ್ನ ನೋಟ್ಸ್ ಅಷ್ಟನ್ನೂ ಕೊಟ್ಟರು. ಈ ಸಲ ಅವರ ಹೆಸರು ಪಟ್ಟಿಯಲ್ಲಿಲ್ಲ. ಅವರಿಗೆ ಏನು ಹೇಳಬೇಕೋ ಇನ್ನೂ ತಿಳಿದಿಲ್ಲ.

ಬೆಂಗಳೂರಿನ ಮನೆ ಮಾಲೀಕರಿಗೂ ಒಂದು ನಮಸ್ಕಾರ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇರುತ್ತದೆ. ಅಡ್ವಾನ್ಸ್ ವಾಪಸ್ ಕೊಡದ ನನ್ನ ಹಳೇ ಓನರ್ ಕೂಡ ಈ ಲೆಕ್ಕದಲ್ಲಿ ಬರುತ್ತಾರೆ, ಏನು ಮಾಡೋದು!

ಜಾಸ್ತಿ ಬೇಜಾರಾದ ದಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ನಡೆದುಬಿಡುತ್ತಿದ್ದೆ. 1865ರಲ್ಲಿ ಶುರುವಾದ ಜಾಗ. ಎರಡನೇ ಸಲ ಫೇಲಾದ ವಾರ ಅಲ್ಲೊಂದು ಕಲ್ಲಿನ ಮುಂದೆ ನಿಂತೆ. ನಾಯಿಯೂ ಹಂದಿಯೂ ಮೈಮೇಲೆ ಬಿದ್ದು ಕಾದಾಡುತ್ತಿವೆ. ಊರಿನ ಹೆಸರು ಓದಿದೆ: ಆತಕೂರು. ನಮ್ಮ ತಾಲ್ಲೂಕು! 949ರ ಶಾಸನ. ಯುದ್ಧದಲ್ಲಿ ಗೆದ್ದ ಮಣಲೇರನಿಗೆ ಗಂಗರ ದೊರೆ ಬೂತುಗ "ಏನು ಬೇಕೋ ಕೇಳು" ಅಂದನಂತೆ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆಮೇಲೆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ, ಅಂತಲೂ ಕೆತ್ತಿಸಿದ್ದಾರೆ.

ಅವತ್ತು ಊರಿಗೆ ಫೋನ್ ಮಾಡಿದೆ. ರಿಸಲ್ಟ್ ಹೇಳುವ ಧೈರ್ಯ ಬರಲಿಲ್ಲ, ಕಾಳಿ ಕತೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಸೋತ್ಯಾ ಮಗ? ಆಗ್ಲಿ ಬಿಡು. ಆ ನಾಯಿ ಕಲ್ಲು ನಂಗೂ ಒಂದ್ಸಲ ತೋರಿಸು" ಅಂದರು.

ಬರುವ ಭಾನುವಾರ ಅಪ್ಪ ಬೆಳಗಿನ ರೈಲಿಗೆ ಬರುತ್ತಿದ್ದಾರೆ.