ಮಗಳಿಗೊಂದು ಪತ್ರ: ಮರಳು ಬಿಟ್ಟು ಬಂಡೆ ಕಡೆ ಬಾ

ಹೆಡ್‌ಲ್ಯಾಂಡ್ ಸಡಾ, ವಾಸ್ಕೊ, ಗೋವಾ

ಚಿ. ಕುಮಾರಿ ಗಿರಿಜೆಗೆ ಅಪ್ಪನ ಆಶೀರ್ವಾದಗಳು.

ನಾನು, ನಿಮ್ಮವ್ವ ಇಬ್ಬರೂ ಕ್ಷೇಮ. ಆಫೀಸಿನ ಗೆಳತಿಯರನ್ನು ಕರಕೊಂಡು ಬರ್ತೀನಿ, ಎಲ್ಲೆಲ್ಲಿ ಹೋಗಬೇಕು ನೋಡಿ ಹೇಳು ಅಂತ ಒಂದು ಪಟ್ಟಿ ಕಳಿಸಿದ್ದಿ. ನೋಡಿದೆ. ಬಾಗಾ, ಕಲಂಗುಟ, ಅಂಜುಣ ಬೀಚುಗಳು, ರಾತ್ರಿಗೆ ಮತ್ತೆ ಬಾಗಾ. ಅಂಜುಣ ಒಂದನ್ನು ಉಳಿಸಿ ಮಿಕ್ಕಿದ್ದಕ್ಕೆ ಗೀಟು ಎಳೆದಿದ್ದೇನೆ. ಅಂಜುಣವನ್ನೂ ಸಂತೆಗಾಗಿ ಉಳಿಸಿಲ್ಲ, ಅಲ್ಲಿನ ಬಂಡೆಗಳಿಗಾಗಿ ಉಳಿಸಿದ್ದು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಹ್ಞೂಂ ಅಪ್ಪಾ" ಅಂತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗೋವಾದ ಕರಾವಳಿ ಬಹಳ ಉದ್ದವೇನಲ್ಲ. ಬಂದವರೆಲ್ಲ ಅದರ ಮರಳಿಗೆ ಕಾಲು ತೊಳೆದು ಹೋಗುತ್ತಾರೆ. ಮರಳಿನ ಮೇಲೆ ನಿಂತವರಿಗೆ ಕಡಲು ಅಂದರೆ ನೀರಿನ ಬಯಲು. ಬಿತ್ತನೆಗೆ ಮೊದಲಿನ ಎರೆ ಹೊಲದ ಹಾಗೆ, ಕಣ್ಣು ಹಾಯುವಷ್ಟೂ ಒಂದೇ. ಗದಗಿನ ಕಡೆಯಿಂದ ಬಂದ ನನಗೂ ಹಾಗೇ ಕಂಡಿತ್ತು. ಬಂದರಿನಲ್ಲಿ ಕ್ರೇನ್ ಮೇಲೆ ಕೂತು ಕೆಲಸ ಮಾಡುವಾಗ ಹಡಗು ಬರುವ ತನಕ ಪುರುಸೊತ್ತು ಸಿಗುತ್ತಿತ್ತಲ್ಲ, ಆಗ ಕೆಳಗಿನ ಬಂಡೆ ನೋಡುತ್ತಾ ಅಭ್ಯಾಸವಾಯಿತು. ಈ ತೀರದ ಜೀವ ಇರುವುದೆಲ್ಲ ಕಲ್ಲು ನೀರು ಗುದ್ದಾಡುವ ಜಾಗದಲ್ಲಿ. ನೀನೂ ಗೆಳತಿಯರೂ ನೋಡಬೇಕಾದ್ದು ಅದು.

ಮೊದಲು ನೀರಿನ ಲೆಕ್ಕ ತಿಳಕೋ. ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಏರಿದ್ದಕ್ಕೆ ಇಲ್ಲಿನವರು ಭರತಿ, ಇಳಿದದ್ದಕ್ಕೆ ಸುಕತಿ ಅಂತಾರೆ. ಇವತ್ತಿನ ಸುಕತಿಗಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರುವುದರಿಂದ ನೀರು ಬಹಳ ಮೇಲೆ ಬಂದು ಬಹಳ ಕೆಳಗೆ ಹೋಗುತ್ತದೆ. ನಮ್ಮ ಮುರಗಾಂವ್ ಕಡೆ ಎರಡು ಮೀಟರಿನಷ್ಟು ವ್ಯತ್ಯಾಸ. ರಜೆ ಹಾಕುವ ಮೊದಲು ಪಂಚಾಂಗ ನೋಡು, ಅಮಾವಾಸ್ಯೆಯ ಆಚೀಚೆಯ ಎರಡು ದಿನ ಸಿಕ್ಕರೆ ಬಹಳ ಒಳ್ಳೇದು. ವಿಮಾನದ ಟಿಕೆಟ್ ಅಗ್ಗ ಯಾವಾಗ ಅನ್ನುವುದಕ್ಕಿಂತ ಇದು ಮುಖ್ಯ ಅಂದರೆ ನೀನು ನಗುತ್ತೀ, ಗೊತ್ತು.

ಅಂಜುಣದಲ್ಲಿ ಸುಕತಿಗೆ ಅರ್ಧ ಗಂಟೆ ಮೊದಲೇ ಇಳಿಯಿರಿ. ನೀರು ಸರಿದಂತೆ ಕಪ್ಪು ಬಂಡೆಗಳ ನಡುವೆ ಹೊಂಡಗಳು ಉಳಿಯುತ್ತವೆ. ಸುಮ್ಮನೆ ಕುಕ್ಕರುಗಾಲಲ್ಲಿ ಕೂತುಬಿಡಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯತೊಡಗುತ್ತದೆ, ಅದರೊಳಗೆ ಸನ್ಯಾಸಿ ಏಡಿ. ಕಲ್ಲಿನ ಬಣ್ಣದ್ದೇ ಒಂದು ಪುಟ್ಟ ಮೀನು ಒಂದು ಹೊಂಡದಿಂದ ಇನ್ನೊಂದಕ್ಕೆ ಒಣ ಬಂಡೆ ಮೇಲೇ ಜಿಗಿದು ಹೋಗುತ್ತದೆ. ಕಡಲ ಹೂ ಅನ್ನುತ್ತಾರಲ್ಲ, ಅದು ಹೂವಲ್ಲ, ಪ್ರಾಣಿ. ನೆರಳು ಬಿದ್ದರೆ ಮುದುಡುತ್ತದೆ.

ಬಂಡೆಯ ಗೋಡೆಯನ್ನು ಮೇಲಿಂದ ಕೆಳಕ್ಕೆ ಓದಬೇಕು. ತುತ್ತತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಬಸವನಹುಳುಗಳು; ಅಲೆಯ ತುಂತುರು ತಾಗಿದರೂ ಅವಕ್ಕೆ ಸಾಕು. ಅದರ ಕೆಳಗೆ ಕಾಲಿಗೆ ಚುಚ್ಚುವ ಬಿಳಿ ಹರಳಿನ ಸಾಲು, ಬಾರ್ನಕಲ್. ನಾನು ಬಹಳ ಕಾಲ ಅದನ್ನು ಕಲ್ಲಿನ ಭಾಗವೆಂದೇ ತಿಳಿದಿದ್ದೆ. ಅದು ಏಡಿ, ಸಿಗಡಿಗಳ ಬಳಗದ್ದು. ಮರಿ ಇದ್ದಾಗ ನೀರಿನಲ್ಲಿ ತೇಲಿಕೊಂಡಿದ್ದು, ಒಂದು ದಿನ ತಲೆಯನ್ನು ಕಲ್ಲಿಗೆ ಅಂಟಿಸಿ, ಸುತ್ತ ಗೋಡೆ ಕಟ್ಟಿಕೊಂಡು, ಜೀವಮಾನವಿಡೀ ತಲೆಕೆಳಗಾಗಿ ಇದ್ದುಬಿಡುತ್ತದೆ. ಭರತಿ ಬಂದಾಗ ಬಾಗಿಲು ತೆರೆದು ಕಾಲುಗಳನ್ನು ಬೀಸಿ ನೀರಿನಿಂದ ಊಟ ಬಾಚಿಕೊಳ್ಳುತ್ತದೆ. ಇನ್ನೂ ಕೆಳಗೆ ಕಲ್ವಾ, ಅಂದರೆ ಕಲ್ಲಿಗಂಟುವ ಸಿಂಪಿ. ಹೆಂಗಸರು ಕಬ್ಬಿಣದ ಮೊಳೆಯಂಥ ಹತಾರ ಹಿಡಿದು ಅದನ್ನು ಬಿಡಿಸುತ್ತಿರುತ್ತಾರೆ. ಅವರ ಹತ್ತಿರ ನಿಂತು ಮಾತಾಡಿಸು, ನಿನ್ನ ಕೊಂಕಣಿ ಇನ್ನೂ ತುಕ್ಕು ಹಿಡಿದಿಲ್ಲ ತಾನೆ. ಎಲ್ಲಕ್ಕಿಂತ ಕೆಳಗೆ, ನೀರು ಪೂರ್ತಿ ಇಳಿದಾಗ ಮಾತ್ರ ಕಾಣುವ ಜಾಗದಲ್ಲಿ, ಹಸಿರು ಕಂದು ಜಮಖಾನೆ ಹಾಸಿದಂತೆ ಹಬ್ಬಿದ ಮೆತ್ತನೆಯ ಜೀವಿಗಳಿವೆ, ಹವಳದ ಸಂಬಂಧಿಗಳು. ಕೈ ಹಚ್ಚಬೇಡಿ, ಕೆಲವುದರಲ್ಲಿ ಕಟು ವಿಷ. ಶಂಕುವಿನಾಕಾರದ ಚೆಂದದ ಚಿಪ್ಪು ಕಂಡರೂ ಎತ್ತಬೇಡಿ; ಒಳಗೆ ಬಸವನಹುಳು ಬದುಕಿದ್ದರೆ ವಿಷದ ಮುಳ್ಳು ಚುಚ್ಚುತ್ತದೆ.

ಅಲ್ಲೇ ಬೂದುಬಣ್ಣದ ಕೊಕ್ಕರೆಯೊಂದು ಬಂಡೆ ಅಂಚಿನಲ್ಲಿ ಓಡಾಡುತ್ತಿರುತ್ತೆ. ಗದ್ದೆಯ ಬೆಳ್ಳಕ್ಕಿಯ ಹಾಗೆ ತಪಸ್ಸಿಗೆ ನಿಲ್ಲುವ ಜಾತಿಯಲ್ಲ. ಅಲೆ ಹಿಂದೆ ಸರಿದ ಕೂಡಲೇ ನುಗ್ಗಿ, ಹಳದಿ ಪಾದದಿಂದ ನೀರು ಕೆದಕಿ, ಮುಂದಿನ ಅಲೆ ಬರುವಷ್ಟರಲ್ಲಿ ಮೀನು ನುಂಗಿ ಮೇಲೆ ಬಂದಿರುತ್ತದೆ.

ಎರಡನೇ ದಿನ ದಕ್ಷಿಣಕ್ಕೆ. ಮಡಗಾಂವ್ ದಾಟಿ, ಸಾಳ್ ನದಿ ಕಡಲು ಸೇರುವ ಬೇತೂಲ್ ಮೇಲೆ ಹಾದು, ಕಾಬೊ ದಿ ರಾಮಾ ಕೋಟೆಗೆ ಬನ್ನಿ. ರಾಮ ಸೀತೆಯರು ವನವಾಸದಲ್ಲಿ ಇಲ್ಲಿ ಇದ್ದರು ಅಂತ ಊರಿನವರ ನಂಬಿಕೆ. ನಮ್ಮವರಿಗೂ ಇದಕ್ಕೂ ನಂಟಿದೆ: ಶಿರಸಿ ಹತ್ತಿರದ ಸೋದೆ ಇದೆಯಲ್ಲ, ಆ ಅರಸರ ಕೋಟೆ ಇದು. ಹೈದರ ಅಲಿಯ ದಂಡು ಸೋದೆಯ ಮೇಲೆ ಬಂದ ಕಾಲದಲ್ಲಿ, 1763ರಲ್ಲಿ, ಪೋರ್ಚುಗೀಸರ ಪಾಲಾಯಿತು. ಆಮೇಲೆ 1955ರವರೆಗೂ ಜೈಲಾಗಿತ್ತು. ಗೆಳತಿಯರು ಕೋಟೆಯೊಳಗಿನ ಇಗರ್ಜಿಯ (ಚರ್ಚಿನ) ಮುಂದೆ ಫೋಟೊ ತೆಗೆಸಿಕೊಳ್ಳಲಿ, ನೀನು ಪಶ್ಚಿಮದ ಅಂಚಿಗೆ ಹೋಗು. ತೀರಾ ಅಂಚಿಗಲ್ಲ, ಅದರ ಕಾರಣ ಕೇಳು. ಮೇಲಿರುವುದು ಕೆಂಪು ಜಂಬಿಟ್ಟಿಗೆ. ಲಕ್ಷಾಂತರ ಮಳೆಗಾಲ ಕಲ್ಲಿನ ಒಳಗಿನ ಕರಗುವ ಸತ್ವವನ್ನೆಲ್ಲ ತೊಳೆದು ಕಬ್ಬಿಣದ ಅಂಶ ಉಳಿಸಿ ಆದ ಕಲ್ಲು. ಬಿಸಿಲಿಗೆ ಗಟ್ಟಿಯಾಗುತ್ತದೆ. ಅಡಿಯಲ್ಲಿ ಮೆತ್ತನೆಯ ಜೇಡಿ. ಕಡಲು ಕೆಳಗಿನ ಜೇಡಿಯನ್ನು ಕೊರೆದರೆ ಮೇಲಿನ ಗಟ್ಟಿ ಪದರ ಆಧಾರವಿಲ್ಲದೆ ದೊಡ್ಡ ದೊಡ್ಡ ಗುಂಡುಗಳಾಗಿ ಕಳಚಿ ಬೀಳುತ್ತದೆ. ಕೆಳಗೆ ಅಲೆಯಲ್ಲಿ ಬಿದ್ದ ಕೆಂಪು ಗುಂಡುಗಳು ಆ ಲೆಕ್ಕವೇ.

ಡಿಸೆಂಬರಿನಲ್ಲಿ ಆ ಬಯಲು ಬೋಳು. ಶ್ರಾವಣದಲ್ಲಿ ಬಂದರೆ ಅದೇ ಬೋಳಿನ ಮೇಲೆ ಬೆರಳುದ್ದದ ಗಿಡಗಳ ನೇರಳೆ ಹೂ ಹಾಸಿರುತ್ತದೆ. ಮರಾಠಿಯವರು ಸೀತೇಚಿ ಆಸವೆ, ಅಂದರೆ ಸೀತೆಯ ಕಣ್ಣೀರು, ಅನ್ನುತ್ತಾರೆ. ಮಣ್ಣಿನಲ್ಲಿ ಸಾರವಿಲ್ಲವಾದ್ದರಿಂದ ಆ ಗಿಡ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುತ್ತದೆ. ಅದು ಇನ್ನೊಂದು ಸಲಕ್ಕೆ.

ಕೋಟೆಯ ಮೇಲೆ ಆಕಾಶ ನೋಡಬೇಕು. ಕೆಂಗಂದು ಮೈ, ಬಿಳಿ ತಲೆಯ ಗರುಡ ಎಲ್ಲೆಲ್ಲೂ ಸಿಗುತ್ತದೆ, ಮೀನು ಮಾರುಕಟ್ಟೆ ಮೇಲೂ. ಅದಕ್ಕಿಂತ ದೊಡ್ಡದು, ಹೊಟ್ಟೆ ಅಚ್ಚ ಬಿಳಿ, ರೆಕ್ಕೆಯ ಅಂಚು ಕಪ್ಪು ಬೂದಿ, ರೆಕ್ಕೆಗಳನ್ನು ಮೇಲಕ್ಕೆತ್ತಿ ತೇಲುವುದು ಕಂಡರೆ ಅದೇ ಕಡಲ ಹದ್ದು. ಎರಡೂ ರೆಕ್ಕೆ ಚಾಚಿದರೆ ಎರಡು ಮೀಟರು ಅಗಲ. ಮೀನು ಹಿಡಿಯುತ್ತದೆ, ಕಡಲ ಹಾವನ್ನೂ ಬಿಡುವುದಿಲ್ಲ. ಗಂಡು ಹೆಣ್ಣು ಒಂದೇ ಗೂಡನ್ನು ವರ್ಷ ವರ್ಷ ಕಟ್ಟಿಗೆ ಪೇರಿಸಿ ದೊಡ್ಡದು ಮಾಡುತ್ತವೆ. ನಾನು ಕೋಟೆಗೆ ಹೋದಾಗಲೆಲ್ಲ ಹೆಚ್ಚುಕಡಿಮೆ ಕಂಡಿದೆ. ಅದರ ಕೂಗು ಮಾತ್ರ ಆ ಗಾಂಭೀರ್ಯಕ್ಕೆ ಒಪ್ಪುವುದಿಲ್ಲ, ಬಾತುಕೋಳಿಗೆ ಗಂಟಲು ಕಟ್ಟಿದ ಹಾಗೆ.

ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಪಾಳೊಳೆ (ಪಾಲೋಲೆಂ) ಬೀಚು. ಅಲ್ಲಿ ಡಾಲ್ಫಿನ್ ದೋಣಿಯವರು ಮುತ್ತುತ್ತಾರೆ, ಕಾಣದಿದ್ದರೆ ದುಡ್ಡು ಬೇಡ ಅಂತಾರೆ. ಹತ್ತಬೇಡಿ. ಬೆನ್ನ ಮೇಲೆ ಗೂನು ಇರುವ ಈ ಜಾತಿ ದಡದ ಹತ್ತಿರದ ತೆಳು ನೀರಿನಲ್ಲಿ, ನದಿ ಬಾಯಿಗಳ ಸುತ್ತಲೇ ಬದುಕುವುದು. ಅಷ್ಟೇ ಜಾಗದಲ್ಲಿ ಬೆಳಗ್ಗೆಯಿಂದ ನಾಲ್ಕೆಂಟು ಮೋಟಾರು ದೋಣಿ ಅಟ್ಟಿಸಿಕೊಂಡು ಹೋದರೆ ಅವು ಊಟ ಮಾಡುವುದು ಯಾವಾಗ? ಕೋಟೆಯ ಮೇಲಿಂದಲೋ ನಮ್ಮ ಸಡಾದ ತುದಿಯಿಂದಲೋ ಬೆಳಗ್ಗೆ ಗಾಳಿ ಏಳುವ ಮೊದಲು ನೋಡಿದರೆ ಪುಕ್ಕಟೆ ಕಾಣುತ್ತವೆ. ಕ್ರೇನ್ ಮೇಲಿಂದ ನಾನು ಕಂಡದ್ದಕ್ಕೆ ಸಂಬಳವೂ ಸಿಗುತ್ತಿತ್ತು.

ಪಾಳೊಳೆಯ ಉತ್ತರ ತುದಿಯ ಬಂಡೆ ಮಾತ್ರ ಬಿಡಬೇಡಿ. ಅದು ಜಂಬಿಟ್ಟಿಗೆ ಅಲ್ಲ, ಗ್ರಾನೈಟು. ಇನ್ನೂರು ಕೋಟಿ ವರ್ಷಕ್ಕೂ ಹಳೆಯದು. ಹತ್ತಿರ ಹೋದರೆ ನಸುಗೆಂಪು ಹರಳುಗಳು ಕೈಗೆ ತಾಗುತ್ತವೆ. ಎದುರಿನ ದ್ವೀಪಕ್ಕೆ ಸುಕತಿಯಲ್ಲಿ ನಡೆದು ದಾಟಬಹುದು. ದಾಟಿದವರು ಫೋಟೊ ತೆಗೆಯುತ್ತಾ ಮೈಮರೆತರೆ ಭರತಿ ನಡುವೆ ತುಂಬಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸುಕತಿಯ ಹೊತ್ತು ಮುಗಿಯಿತು ಅಂದರೆ ಹಿಂದಿರುಗಿ, "ಇನ್ನೈದು ನಿಮಿಷ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಕೊನೆಗೆ ಗಾಲ್ಜಿಬಾಗ್. ಗಾಳಿಮರಗಳ ಸಾಲು, ಅದರ ಮುಂದೆ ಮರಳು. ಮರಳು ನೋಡಬೇಡಿ ಅಂದವನು ಮರಳಿಗೇ ಕಳಿಸುತ್ತಿದ್ದೇನೆ, ಆದರೆ ಇಲ್ಲಿ ಕಡಲಾಮೆ ಬರುತ್ತದೆ. ಆಲಿವ್ ರಿಡ್ಲೆ ಜಾತಿ. ಗೋವಾದಲ್ಲಿ ಮೊರ್ಜಿ, ಮಾಂದ್ರೆ, ಆಗೊಂದ, ಗಾಲ್ಜಿಬಾಗ್ ಇದರ ಹೆಸರಾದ ತೀರಗಳು. ಚಳಿಗಾಲದ ರಾತ್ರಿಯಲ್ಲಿ ಹೆಣ್ಣು ಮೇಲೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ವಾಪಸು ಹೋಗುತ್ತದೆ. ಸುಮಾರು ಐವತ್ತು ದಿನಕ್ಕೆ ಮರಿ. ಮರಳು ಬಿಸಿಯಿದ್ದರೆ ಹೆಣ್ಣು ಮರಿ ಹೆಚ್ಚು, ತಂಪಿದ್ದರೆ ಗಂಡು. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿರುತ್ತಾರೆ, ಹೊರಗೆ ನಿಂತು ನೋಡಿ. ಮರಿಗಳು ಬೆಳಕು ಹೆಚ್ಚಿರುವ ದಿಕ್ಕೇ ಕಡಲು ಅಂತ ತಿಳಿದು ಹೊರಡುತ್ತವೆ. ಹೋಟೆಲಿನ ದೀಪವೋ ಮೊಬೈಲಿನ ಟಾರ್ಚೋ ಉರಿದರೆ ಎದುರು ದಿಕ್ಕಿಗೆ ನಡೆದು ಸಾಯುತ್ತವೆ. ರಾತ್ರಿ ಆ ದಂಡೆಗೆ ಹೋಗುವುದೇ ಬೇಡ. ಹಗಲಿಗೆ ನೋಡಲು ಅಲ್ಲಿ ಬೇಕಾದಷ್ಟಿದೆ: ಕಾಳಿನಷ್ಟು ಏಡಿಗಳು ಮರಳನ್ನು ಬಾಯಲ್ಲಿ ಸೋಸಿ ಉಂಡೆ ಕಟ್ಟಿ ಬಿಲದ ಸುತ್ತ ರಂಗೋಲಿಯಂತೆ ಇಟ್ಟಿರುತ್ತವೆ, ಮಧ್ಯ ಏಷ್ಯಾದ ಎತ್ತರದಿಂದ ಚಳಿಗೆ ಇಳಿದು ಬಂದ ಸಣ್ಣ ಹಕ್ಕಿಗಳು ಓಡಿ ನಿಲ್ಲುತ್ತಾ ಮೇಯುತ್ತವೆ.

ವಾಪಸು ಬರುವ ದಾರಿಯಲ್ಲಿ ಹೊತ್ತಿದ್ದರೆ ಕಡಲ ನೀರು ಒಳಚಾಚಿದ ಚಿಕಾಳಿಯ ಖಾರಿಗೂ ಕರಕೊಂಡು ಹೋಗುತ್ತೇನೆ. ಗೋವಾದ ಹಳೇ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಮಬ್ಬು ಚಿಪ್ಪು ನಿನಗೆ ತೋರಿಸಿದ್ದೆನಲ್ಲ, ಅದರ ಜೀವಿ ಈ ಕೆಸರಿನಲ್ಲಿ ಇನ್ನೂ ಬದುಕಿದೆ. ಮೆಂದ್ಯೊ ಅಂತಾರೆ. ಈಗ ಅದಕ್ಕೆ ಕಾನೂನಿನ ರಕ್ಷಣೆಯಿದೆ, ಹೆಕ್ಕುವಂತಿಲ್ಲ.

ಇನ್ನು ನಿಯಮ. ಚಪ್ಪಲಿ ನಡೆಯುವುದಿಲ್ಲ, ಹಿಂಬದಿ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಎಲ್ಲರಿಗೂ. ಹಸಿರು ಪಾಚಿ ಇರುವ ಕಲ್ಲಿನ ಮೇಲೆ ಕಾಲಿಡಬೇಡಿ, ಬಾರ್ನಕಲ್ ಇರುವಲ್ಲಿ ಇಡಿ, ಹಿಡಿತ ಸಿಗುತ್ತದೆ. ಕಡಲಿಗೆ ಬೆನ್ನು ಮಾಡಿ ಸೆಲ್ಫಿ ಇಲ್ಲ. ಹೊಂಡದ ಕಲ್ಲು ಎತ್ತಿ ನೋಡಿದರೆ ಹೇಗಿತ್ತೋ ಹಾಗೇ ಇಡಬೇಕು. ಅದರ ಅಡಿಯಲ್ಲಿ ಇದ್ದವರಿಗೆ ಬಿಸಿಲು ಆಗುವುದಿಲ್ಲ. ಯಾವ ಚಿಪ್ಪನ್ನೂ ಚೀಲಕ್ಕೆ ಹಾಕಬೇಡಿ, ಖಾಲಿಯದ್ದೂ ಸನ್ಯಾಸಿ ಏಡಿಗೆ ಮನೆ.

ಎಷ್ಟು ಜನ ಅಂತ ಬೇಗ ತಿಳಿಸು, ಗೆಳತಿಯರಲ್ಲಿ ಮೀನು ತಿನ್ನದವರು ಯಾರು ಅಂತಲೂ ಅವ್ವ ಕೇಳುತ್ತಿದ್ದಾಳೆ. ಬರುವಾಗ ಹುಬ್ಬಳ್ಳಿಯಲ್ಲಿ ಇಳಿದರೆ ಬ್ಯಾಡಗಿ ಮೆಣಸಿನಕಾಯಿ ಎರಡು ಕಿಲೋ ತಾ. ಇಲ್ಲಿ ಸಿಗುವುದಕ್ಕೆ ಬಣ್ಣ ಇದೆ, ಘಮ ಇಲ್ಲ ಅಂತ ಅವಳ ದೂರು.

ನಿನ್ನ ಅಪ್ಪ