ಪೇಟೆ ಬೀದಿಗೆ 700 ಮೀಟರ್ ಫುಟ್‌ಪಾತ್ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ನಾನು ತಮ್ಮ ಕ್ಷೇತ್ರದ ಮತದಾರಳು, ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮದುವೆಯಾಗಿ ಬಂದ 1986ರಿಂದ ಬೆಂಗಳೂರಿನ ಅಂಚಿನ ಈ ಊರಿನ ಪೇಟೆ ಬೀದಿಯಲ್ಲೇ ವಾಸವಾಗಿದ್ದೇನೆ. ಹನ್ನೊಂದು ವರ್ಷಗಳಲ್ಲಿ ಈ ಬೀದಿಯ ಬಗ್ಗೆ ಹದಿನಾಲ್ಕು ಅರ್ಜಿ ಕೊಟ್ಟಿದ್ದೇನೆ. ಎಲ್ಲದಕ್ಕೂ ಸ್ವೀಕೃತಿಯ ಮುದ್ರೆ ಇದೆ, ಒಂದಕ್ಕೂ ಉತ್ತರವಿಲ್ಲ. ಹದಿನೈದನೆಯದನ್ನು ಹಿಡಿದು ಮತ್ತೆ ಕಚೇರಿಯ ಮೆಟ್ಟಿಲು ಹತ್ತುವ ಮನಸ್ಸಾಗಲಿಲ್ಲ. ಆದ್ದರಿಂದ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಅರಳಿಕಟ್ಟೆಯಿಂದ ಬಸ್ ನಿಲ್ದಾಣದವರೆಗೆ 700 ಮೀಟರ್ ಪೇಟೆ ಬೀದಿ. ಅದರ ಎರಡೂ ಬದಿಗೆ, ನಡುವೆ ಎಲ್ಲೂ ತುಂಡಾಗದ, 1.8 ಮೀಟರ್ ಅಗಲದ ಫುಟ್‌ಪಾತ್ ಬೇಕು. ಶಾಲೆ, ಗುಡಿ ಮತ್ತು ಬಸ್ ನಿಲ್ದಾಣದ ಎದುರು ರಸ್ತೆ ದಾಟಲು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ ದಾರಿ ಬೇಕು. ವಾಹನಗಳು ಗಂಟೆಗೆ 30 ಕಿಲೋಮೀಟರ್ ಮೀರದಂತೆ ಬೀದಿಯನ್ನು ರೂಪಿಸಬೇಕು. ಆಗ ಮಕ್ಕಳು ಸೈಕಲ್ ತುಳಿಯಬಹುದು. ಇಷ್ಟೇ ನಮ್ಮ ಕೋರಿಕೆ.

ಈಗ ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಹೇಳಬೇಕು.

ಕಳೆದ ಶ್ರಾವಣದ ಎರಡನೆಯ ಶನಿವಾರ ನನ್ನ ಯಜಮಾನರು ಆಂಜನೇಯನ ಗುಡಿಯಿಂದ ಮನೆಗೆ ಬರುತ್ತಿದ್ದರು. ಅವರಿಗೆ 72 ವರ್ಷ. ಗುಡಿಯಿಂದ ಮನೆಗೆ ನಾಲ್ಕು ನಿಮಿಷದ ದಾರಿ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ನಮಗೆ ಫುಟ್‌ಪಾತ್. ಅದರ ಮೇಲೂ ಬೇಕರಿಯ ಮುಂದೆ ಬೈಕುಗಳು, ಅಲ್ಲಿಂದ ಮುಂದೆ ಟ್ರಾನ್ಸ್‌ಫಾರ್ಮರ್, ಅದನ್ನು ದಾಟಿದರೆ ಯಾರದೋ ಮನೆ ಕಟ್ಟುವ ಜಲ್ಲಿಯ ರಾಶಿ. ಇವನ್ನೆಲ್ಲ ತಪ್ಪಿಸಲು ಅವರು ರಸ್ತೆಗೆ ಇಳಿದರು. ಹಿಂದಿನಿಂದ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಬಂತು. ಗಾಬರಿಯಾಗಿ ಮತ್ತೆ ಚಪ್ಪಡಿ ಹತ್ತಿದರು. ಹತ್ತಿದ ಚಪ್ಪಡಿ ಮೊದಲೇ ಒಡೆದಿತ್ತು. ಅವರ ಭಾರಕ್ಕೆ ಅರ್ಧ ತುಂಡು ಒಳಕ್ಕೆ ವಾಲಿ, ಎಡಗಾಲು ತೊಡೆಯವರೆಗೆ ಚರಂಡಿಯೊಳಗೆ ಇಳಿಯಿತು.

ಹೂವು ಮಾರುವಾಕೆ ಕೂಗಿಕೊಂಡರು. ಅವರೂ ಬೇಕರಿಯ ಇಬ್ಬರು ಹುಡುಗರೂ ಸೇರಿ ಮೇಲಕ್ಕೆತ್ತಿದರು. ನಾನು ಓಡಿ ಹೋದಾಗ ಅವರು ಬೇಕರಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಬಿಳಿ ಪಂಚೆ ಕಪ್ಪು ಕೊಚ್ಚೆಯಲ್ಲಿ ನೆನೆದಿತ್ತು. ಪ್ರಸಾದದ ದೊನ್ನೆಯನ್ನು ಮಾತ್ರ ಕೈಯಿಂದ ಬಿಟ್ಟಿರಲಿಲ್ಲ. ಪುಳಿಯೋಗರೆ ಚೆಲ್ಲದ ಹಾಗೆ ಎದೆಗೆ ಒತ್ತಿ ಹಿಡಿದಿದ್ದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಹನ್ನೊಂದು ದಿನ ಆಸ್ಪತ್ರೆ, ಮೂರು ತಿಂಗಳು ಹಾಸಿಗೆ. ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ಗೇಟಿನಾಚೆ ಆ ವಾಕರ್ ಊರಲು ಸಮತಟ್ಟಾದ ಒಂದು ಅಡಿ ಜಾಗವಿಲ್ಲ. ನಲವತ್ತು ವರ್ಷ ಪ್ರತಿ ಶನಿವಾರ ಹೋಗುತ್ತಿದ್ದ ಗುಡಿಯ ಗಂಟೆಯನ್ನು ಈಗ ಮನೆಯೊಳಗೆ ಕುಳಿತು ಕೇಳುತ್ತಾರೆ.

ಬಿದ್ದ ಮೂರನೆಯ ದಿನ ಆಸ್ಪತ್ರೆಯಿಂದ ನೇರವಾಗಿ ಹೋಗಿ ಅರ್ಜಿ ಕೊಟ್ಟೆ. ಅಂದಾಜು ಪಟ್ಟಿ ಮೇಲಕ್ಕೆ ಹೋಗಿದೆ, ಅನುದಾನ ಬಂದಿಲ್ಲ ಎಂದರು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಟೆಂಪೊ ಬಂದು ಅದೇ ಗುಂಡಿಯ ಎದುರು ನಿಂತಿತು. ನಾಲ್ಕು ಜನ ಇಳಿದರು. ಕೊನೆಗೂ ಚಪ್ಪಡಿ ಹಾಕಲು ಬಂದರು ಎಂದುಕೊಂಡು ನಾನು ಕುಡಿಯಲು ನೀರು ತೆಗೆದುಕೊಂಡು ಹೋದೆ. ಅವರು ಆ ಗುಂಡಿಯಲ್ಲಿ ಸರ್ವೆ ಮರದ ಕಂಬ ನಿಲ್ಲಿಸಿ, ಸುತ್ತ ಇಟ್ಟಿಗೆ ಚೂರು ತುಂಬಿ, ಫ್ಲೆಕ್ಸ್ ಕಟ್ಟಿದರು. ತಮ್ಮ ಹುಟ್ಟುಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸ್.

ತಾವೇ ಕಟ್ಟಿಸಿದಿರಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಕಡೆಯವರಿಗೆ ಆ ಗುಂಡಿ ಕಂಡಿತ್ತು. ಕಂಬ ನೆಡಲು ಅದು ಅನುಕೂಲ ಎಂದು ಕಂಡಿತು. ಅದರಲ್ಲಿ ಮನುಷ್ಯ ಬೀಳುತ್ತಾನೆ, ಬಿದ್ದಿದ್ದಾನೆ ಎಂಬುದು ಕಾಣಲಿಲ್ಲ. ನನ್ನ ಗಂಡನ ಕಾಲು ಮುರಿದ ಗುಂಡಿಯ ಮೇಲೆ ನಿಮ್ಮ ನಗುವ ಮುಖವನ್ನು ಹದಿನೆಂಟು ದಿನ ನೋಡಿದ್ದೇನೆ. ಒಬ್ಬ ಹೆಂಗಸು ಇದನ್ನು ಹೇಗೆ ಸಹಿಸಬೇಕು, ನೀವೇ ಹೇಳಿ.

ನಿಯಮಗಳನ್ನು ತಮಗೆ ವಿವರಿಸಬೇಕಾಗಿಲ್ಲ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾಗಿರಬೇಕು, ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯೇ ಹೇಳಿದೆ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮು ಹೇಳುತ್ತದೆ. ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯ ಹಕ್ಕಿನ ಭಾಗ, ಅಂಗವಿಕಲರೂ ಅದನ್ನು ಬಳಸುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು ಎಂಬುದು ಕೇಂದ್ರ ಸರ್ಕಾರವೇ ಪ್ರಕಟಿಸಿದ ಲೆಕ್ಕ. ಇದೆಲ್ಲ ತಮಗೆ ಗೊತ್ತು. ಗೊತ್ತಿದ್ದೂ ನಮ್ಮ ಬೀದಿ ಹೀಗಿದೆ ಎಂಬುದೇ ನನ್ನ ಸಂಕಟ.

ಜನಸಂಪರ್ಕ ಸಭೆಯಲ್ಲಿ ಕೇಳಿದಾಗ ತಾವು ಹೇಳಿದ್ದು ನೆನಪಿದೆ: ಮೊದಲು ರಸ್ತೆ ಅಗಲವಾಗಲಿ, ಫುಟ್‌ಪಾತ್ ಆಮೇಲೆ ನೋಡೋಣ. ಸ್ವಾಮಿ, ಅಗಲ ಮಾಡುವುದು ಬೇಡ. ಅಗಲವಾದ ರಸ್ತೆಗೆ ಇನ್ನಷ್ಟು ವಾಹನ ಬರುತ್ತದೆ, ಇನ್ನಷ್ಟು ವೇಗವಾಗಿ ಬರುತ್ತದೆ. ದಾಟುವ ಮುದುಕಿಗೆ ಆರು ಹೆಜ್ಜೆಯ ರಸ್ತೆ ಹನ್ನೆರಡು ಹೆಜ್ಜೆಯಾಗುತ್ತದೆ. ಯಾರದೋ ಮನೆಯ ಜಗುಲಿ ಒಡೆದು, ಅರಳಿಮರ ಕಡಿದು, ಕೊನೆಗೆ ಅಲ್ಲೂ ಕಾರುಗಳೇ ನಿಲ್ಲುತ್ತವೆ.

ಗಣಿತ ಕಲಿಸಿದವಳು ನಾನು. ಒಂದು ಭಾನುವಾರ ಬೆಳಗಿನ ಐದೂವರೆಗೆ, ಬೀದಿ ಖಾಲಿ ಇದ್ದಾಗ, ಮೊಮ್ಮಗಳ ಕೈಗೆ ಟೇಪಿನ ಒಂದು ತುದಿ ಕೊಟ್ಟು ಬೀದಿಯನ್ನು ಅಳೆದೆ. ಗುಡಿಯ ಗೋಡೆಯಿಂದ ಎದುರಿನ ಮಳಿಗೆಯವರೆಗೆ 12 ಮೀಟರ್ 40 ಸೆಂಟಿಮೀಟರ್. ಅತ್ಯಂತ ಕಿರಿದಾದ ಕಡೆ, ಹಳೆಯ ಹಿಟ್ಟಿನ ಗಿರಣಿಯ ಬಳಿ, 10 ಮೀಟರ್ 60 ಸೆಂಟಿಮೀಟರ್. ಹೋಗುವ ಬರುವ ವಾಹನಗಳಿಗೆ ಮೂರು ಮೂರು ಮೀಟರ್ ಬಿಡಿ, ಆರಾಯಿತು. ಎರಡು ಫುಟ್‌ಪಾತಿಗೆ 3.6 ಮೀಟರ್. ಒಟ್ಟು 9.6. ಕಿರಿದಾದ ಕಡೆಯೂ ಒಂದು ಮೀಟರ್ ಮಿಕ್ಕುತ್ತದೆ. ಅಗಲವಿದ್ದ ಕಡೆ ಮಿಕ್ಕುವ 2.8 ಮೀಟರಿನಲ್ಲಿ ಮರ ಬರುತ್ತದೆ, ದೀಪದ ಕಂಬ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಬರುತ್ತದೆ, ಹೂವಿನ ಬುಟ್ಟಿಯೂ ಬರುತ್ತದೆ. ಒಂದು ಇಟ್ಟಿಗೆಯನ್ನೂ ಒಡೆಯಬೇಕಾಗಿಲ್ಲ. ಹತ್ತನೆಯ ತರಗತಿಯ ಹುಡುಗಿ ಮಾಡಿದ ಈ ಲೆಕ್ಕವನ್ನು ಹನ್ನೊಂದು ವರ್ಷದಲ್ಲಿ ಯಾವ ಕಚೇರಿಯೂ ಮಾಡಲಿಲ್ಲ.

ಹೂವಿನ ಬುಟ್ಟಿಯ ಮಾತನ್ನು ಬೇಕೆಂದೇ ಎತ್ತಿದೆ. ಫುಟ್‌ಪಾತ್ ಕೇಳಿದಾಗಲೆಲ್ಲ ಒಂದು ಬೆಳಿಗ್ಗೆ ಲಾರಿ ಬಂದು ತಳ್ಳುಗಾಡಿಗಳನ್ನು ಹೇರಿಕೊಂಡು ಹೋಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಫೋಟೊ ತೆಗೆಯುತ್ತಾರೆ. ನನ್ನ ಹೆಸರಿನಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ನನ್ನ ಯಜಮಾನರನ್ನು ಎತ್ತಿದ್ದು ಅವರೇ. ದಾರಿಗೆ ಅಡ್ಡವಾಗಿರುವುದು ಕಾರು, ಜಲ್ಲಿ, ಮಳಿಗೆಯವರು ರಸ್ತೆಗೆ ಇಳಿಸಿದ ಇಳಿಜಾರು ಮತ್ತು ಆ ಕಂಬ. ಅವುಗಳನ್ನು ಎತ್ತಿಸಿ.

ಇನ್ನು ಸೈಕಲ್. ನಾನು ಹಳ್ಳಿಯ ಶಾಲೆಯಲ್ಲಿದ್ದಾಗ, 2006ರ ಸುಮಾರಿಗೆ, ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಅರ್ಧಕ್ಕೇ ಶಾಲೆ ಬಿಡುತ್ತಿದ್ದ ಹೆಣ್ಣುಮಕ್ಕಳು ಎರಡು ಜಡೆ ಹಾರಿಸಿಕೊಂಡು ಸಾಲಾಗಿ ಬರುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಈಗ ನನ್ನ ಮೊಮ್ಮಗಳ ಶಾಲೆ ಮನೆಯಿಂದ ಒಂದೂಕಾಲು ಕಿಲೋಮೀಟರ್. ಅವಳ ಸೈಕಲ್ ಮಹಡಿಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದೆ. ಅವಳಪ್ಪ ದಿನವೂ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾನೆ. ಹೀಗೆ ಬಿಡಲು ಬರುವ ನೂರಾರು ವಾಹನಗಳಿಂದಲೇ ಶಾಲೆಯ ಮುಂದೆ ದಟ್ಟಣೆ, ಆ ದಟ್ಟಣೆಯಿಂದಲೇ ಸೈಕಲ್ ಅಪಾಯ. ಪ್ರತ್ಯೇಕ ಸೈಕಲ್ ಪಥಕ್ಕೆ ನಮ್ಮ ಬೀದಿಯಲ್ಲಿ ಜಾಗವಿಲ್ಲ ಎಂದು ನನಗೂ ಗೊತ್ತು. ವೇಗವನ್ನು 30ಕ್ಕೆ ಇಳಿಸಿ, ಸಾಕು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಸೈಕಲ್ ಪಥದ ಗತಿ ಏನಾಯಿತೆಂದು ಎಲ್ಲರೂ ಕಂಡಿದ್ದೇವೆ. ಬಣ್ಣ ಬಳಿಯುವುದು ಬೇಡ, ಬೀದಿಯನ್ನೇ ಸರಿಯಾಗಿ ಕಟ್ಟಿ.

ಸಾಧ್ಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ನಗರದ ನಡುವೆ ರೆಸಿಡೆನ್ಸಿ ರಸ್ತೆಯಲ್ಲಿ, ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೇಬಲ್ಲು ಕೊಳವೆಗಳನ್ನು ನೆಲದೊಳಗೆ ಇಟ್ಟು ಮೇಲೆ ಅಗಲವಾದ ಫುಟ್‌ಪಾತ್ ಹಾಸಿದರು. ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದರು, 2020ರ ಕೊನೆಯಲ್ಲಿ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನವನ್ನೇ ನಿಲ್ಲಿಸಿದರು. ಚೆನ್ನೈನವರು 2019ರಲ್ಲಿ ಪಾಂಡಿ ಬಜಾರನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿಕೊಂಡಾಗ ನಮ್ಮಂಥ ಊರುಗಳಿಗೂ ನಗರದ ಸೌಲಭ್ಯ ಬರುತ್ತದೆ ಎಂದಿದ್ದರು. ತೆರಿಗೆ ಬಂತು. ನಮ್ಮ ಪೇಟೆಯೂ ಒಂದು ಪೇಟೆಯೇ ಅಲ್ಲವೇ? ಸಂತೆ, ಗುಡಿ, ಶಾಲೆ, ಅಂಚೆ ಕಚೇರಿ, ಔಷಧದಂಗಡಿ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. ದೊಡ್ಡ ಬಡಾವಣೆಗಳವರು ದುಡ್ಡು ಸುರಿದರೂ ಕಟ್ಟಲಾಗದ ಊರು ಇಲ್ಲಿ ತಾನಾಗಿಯೇ ಇದೆ. ನಡೆಯಲು ದಾರಿಯೊಂದೇ ಇಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಗಿದೆ. ಅದಕ್ಕೆ ನಾನು ನಿಜವಾಗಿ ಕೃತಜ್ಞಳು. ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು ಆ ಬಸ್ಸು ಹಿಡಿಯಲು ಕತ್ತಲಲ್ಲಿ ಮೊಬೈಲ್ ಬೆಳಕು ಹಾಕಿಕೊಂಡು ಲಾರಿಗಳ ಪಕ್ಕದಲ್ಲಿ ನಡೆಯುತ್ತಾರೆ. ಬಸ್ಸಿನವರೆಗೆ ಅವರು ಸುರಕ್ಷಿತವಾಗಿ ತಲುಪಬೇಕಲ್ಲ.

ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮತ ಕೇಳಲು ನಮ್ಮ ಅಂಗಳಕ್ಕೆ ಬಂದವರು ತಾವು. ಆದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ. 700 ಮೀಟರ್. ಎರಡೂ ಬದಿಗೆ 1.8 ಮೀಟರ್. ಮೂರು ಕಡೆ ದಾಟಲು ದಾರಿ. ವೇಗ 30. ಅನುದಾನ ಯಾವುದರಿಂದ ತರುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಬರುವ ಶ್ರಾವಣದೊಳಗೆ ಕೆಲಸ ಆಗಬೇಕು. ಯಜಮಾನರನ್ನು ಗುಡಿಗೆ ನಡೆಸಿಕೊಂಡು ಹೋಗುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಫ್ಲೆಕ್ಸ್ ಹರಿದು ಹೋಗಿ ಬಹಳ ದಿನವಾಯಿತು. ಸರ್ವೆ ಕಂಬ ಇನ್ನೂ ಆ ಗುಂಡಿಯಲ್ಲೇ ನಿಂತಿದೆ. ಉಳಿದದ್ದಕ್ಕೆ ಸಮಯ ಬೇಕೆಂದರೆ ಒಪ್ಪುತ್ತೇನೆ. ಅದನ್ನು ಮಾತ್ರ ಈ ವಾರವೇ ಕೀಳಿಸಿ, ಒಂದು ಗಟ್ಟಿ ಚಪ್ಪಡಿ ಹಾಕಿಸಿ.

ಇಂತಿ,
ಪೇಟೆ ಬೀದಿಯ ನಿವಾಸಿ,
ನಿವೃತ್ತ ಶಿಕ್ಷಕಿ